ವೈರಿಯ ಹೆಸರಿನಲ್ಲಿ ನುಂಗಿದ ಮಾತ್ರೆ

ಫಕೀರಪ್ಪ ನಾಲ್ಕು ಬೆರಳು ಹಿಡಿದ. ನನಗೆ ಮೂರು ಗೊತ್ತಾಯಿತು.

ರೋಗ ಎಂದಿನಿಂದ ಎಂದು ಮುಂದೆ ದವಾಖಾನೆಯಲ್ಲಿ ಕೇಳಿದಾಗ ಇದೇ ಉತ್ತರ ಕೊಡಬೇಕಿತ್ತು. ಕೊಡಲಿಲ್ಲ. ಕೊಟ್ಟಿದ್ದರೆ ಆ ಎರಡು ಕೈಗಳಲ್ಲಿ ಯಾವುದು ಯಾರದು ಎಂಬುದನ್ನೂ ಹೇಳಬೇಕಾಗುತ್ತಿತ್ತು.

ನಾನು ಎತ್ತಿನ ದಲ್ಲಾಳಿ, ಗುಡಗೇರಿಯವನು. ಹೆಸರು ಶಿವಲಿಂಗಪ್ಪ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿರುವುದರಿಂದ ಸಂತೆಯಲ್ಲಿ ನನ್ನನ್ನು ಮುಲ್ಕಿ ಎನ್ನುತ್ತಾರೆ, ಗೌರವದಿಂದ ಅಲ್ಲ. ನಮ್ಮಲ್ಲಿ ಎತ್ತಿನ ಬೆಲೆಯನ್ನು ಬಾಯಿಂದ ಹೇಳುವ ಪದ್ಧತಿಯಿಲ್ಲ. ಮಾರುವವನ ದಲ್ಲಾಳಿ, ಕೊಳ್ಳುವವನ ದಲ್ಲಾಳಿ ಎದುರುಬದುರು ನಿಂತು ಕೈಗೆ ಕೈ ಕೊಟ್ಟು, ಮೇಲೆ ಟವೆಲ್ ಹಾಕುತ್ತಾರೆ. ಹಿಡಿದ ಬೆರಳು ಎಷ್ಟೋ ಅಷ್ಟು ಸಾವಿರ. ಸುತ್ತ ಇಪ್ಪತ್ತು ಮಂದಿ ನಿಂತು ನೋಡಿದರೂ ಟವೆಲ್ಲಿನ ಕೆಳಗೆ ಏನು ನಡೆಯಿತು ಎಂದು ಯಾರಿಗೂ ತಿಳಿಯದು. ಮುಖದ ಮೇಲೆಯೂ ಏನೂ ಕಾಣಬಾರದು. ಲಾಭವಾಗುತ್ತಿದ್ದರೆ ಹೊಟ್ಟೆನೋವಿನವನಂತೆ, ಲುಕ್ಸಾನಾಗುತ್ತಿದ್ದರೆ ಊಟ ಮುಗಿಸಿ ಬಂದವನಂತೆ ನಿಲ್ಲಬೇಕು. ಇಪ್ಪತ್ತೆರಡು ವರ್ಷ ನಾನು ಈ ಮುಖವನ್ನು ಹೊತ್ತು ತಿರುಗಿದ್ದೇನೆ. ಮನೆಗೆ ಬಂದ ಮೇಲೂ ಅದು ಪೂರ್ತಿ ಇಳಿಯುವುದಿಲ್ಲ ಎಂಬುದು ನನ್ನ ಹೆಂಡತಿ ಶಾಂತವ್ವನ ಹಳೆಯ ಫಿರ್ಯಾದಿ.

ಫಕೀರಪ್ಪನೂ ದಲ್ಲಾಳಿ, ನಮ್ಮೂರಿನವನೇ. ಹನ್ನೊಂದು ವರ್ಷಗಳ ಹಿಂದೆ, ನಾನು ಹರೆಯದ ಎತ್ತೆಂದು ನಿಲ್ಲಿಸಿದ್ದ ಒಂದು ಎತ್ತಿನ ಬಾಯನ್ನು ಅವನು ತುಂಬಿದ ಸಂತೆಯಲ್ಲಿ ಅಗಲಿಸಿ, "ಹಲ್ಲ ಉಜ್ಜ್ಯಾರ ನೋಡ್ರಿ. ಕೊಂಬು ಕೆತ್ತಿ ಎಣ್ಣಿ ಕಾಡಿಗಿ ಹಚ್ಯಾರ. ಇದು ಇದರ ಮಾಲಕಗಿಂತ ಹಿರೇದೈತಿ" ಎಂದ. ವಯಸ್ಸು ಮುಚ್ಚಲು ಅರದಿಂದ ಹಲ್ಲು ಉಜ್ಜಿದ್ದು ನಿಜ. ಕೆತ್ತಿದ್ದೂ ನಿಜ. ಆದರೆ ಅದನ್ನು ಸಂತೆಯಲ್ಲಿ ಹೇಳುವುದೇ? ಅಂದಿನಿಂದ ನಾವು ಮಾತು ಬಿಟ್ಟೆವು. ಕಸುಬು ಬಿಡಲಾಗದು, ಹಾಗಾಗಿ ಬೆರಳು ಬಿಡಲಿಲ್ಲ. ವಾರಕ್ಕೊಮ್ಮೆ ಟವೆಲ್ಲಿನ ಕೆಳಗೆ ಕೈ ಕೊಡುವುದು, ಟವೆಲ್ ತೆಗೆದ ಮೇಲೆ ಒಬ್ಬರ ಮುಖ ಒಬ್ಬರು ನೋಡದೆ ಉಗುಳುವುದು. ಹೀಗೆ ಹನ್ನೊಂದು ವರ್ಷ ಅತ್ಯಂತ ಶಿಸ್ತಿನಿಂದ ನಡೆಯಿತು.

ಆ ಮೂರು-ನಾಲ್ಕು ಬೆರಳಿನ ದಿನ ನಾನು ಕೊಳ್ಳುವವನ ಕಡೆ, ಅವನು ಮಾರುವವನ ಕಡೆ. ಮೂರು ಎಂದು ತಿಳಿದು ನಾನು "ಮುಗೀತು" ಎಂದು ಟವೆಲ್ ಎಳೆದೆ. ಬೆಲೆ ಕೇಳಿದೊಡನೆ ಎತ್ತಿನ ಒಡೆಯ ಹೌಹಾರಿದ. "ಮೂರಕ್ಕ ಯಾರ ಹ್ಞೂಂ ಅಂದ್ರು? ನಾಕ ಹಿಡೀರಿ ಅಂತ ಹೇಳಿ ಕಳಿಸೀನಿ!" ನಾನು ಫಕೀರಪ್ಪನಿಗೆ ನೇರವಾಗಿ ಏನೂ ಹೇಳುವಂತಿರಲಿಲ್ಲ. ಬೇವಿನ ಮರಕ್ಕೆ ಹೇಳಿದೆ: "ಕೆಲವು ಮಂದಿ ಟವೆಲ್ ತಗದ ಮ್ಯಾಲ ಬೆರಳ ಹೆಚ್ಚ ಮಾಡ್ಕೋತಾರ." ವ್ಯವಹಾರ ಮುರಿಯಿತು. ಫಕೀರಪ್ಪ ತಿರುಗಿ ಬೈಯಲಿಲ್ಲ. ನನ್ನ ಬಲಗೈಯನ್ನು ಒಂದು ಕ್ಷಣ ನೋಡಿದ, ಹೋದ.

ಮುಂದಿನ ಸಂತೆಯಿಂದ ಅವನು ನನ್ನ ಬೆರಳುಗಳನ್ನು ಹಿಚುಕಿ ಹಿಡಿಯತೊಡಗಿದ. ಹಿಂಡಿ ತಿರುವುತ್ತಿದ್ದ. ಇದನ್ನು ನಾನು ದ್ವೇಷದ ಉನ್ನತಿ ಎಂದು ತಿಳಿದು ಒಳಗೊಳಗೇ ಸಂತೋಷಪಟ್ಟೆ.

ಒಂದು ವರ್ಷ ಕಳೆಯಿತು. ಕಿರುಬೆರಳು ಸ್ವಲ್ಪ ಒಳಗೆ ಬಾಗಿತು. ಧೋತರದ ಗಂಟು ಸರಿಯಾಗಿ ಬೀಳುತ್ತಿರಲಿಲ್ಲ. ವಯಸ್ಸು ಎಂದುಕೊಂಡೆ. ಮೊಣಕೈಯ ಒಳಬದಿಗೆ ಎಂಟಾಣೆ ಅಗಲದ ಒಂದು ಬಿಳಚು ಮಚ್ಚೆ ಇತ್ತು. ಎತ್ತಿನ ಮೈಮೇಲಾಗಿದ್ದರೆ ಹತ್ತು ಮಾರು ದೂರದಿಂದ ಹಿಡಿಯುತ್ತಿದ್ದೆ. ನನ್ನ ಮೈಮೇಲಿತ್ತು, ಅಂಗಿಯ ತೋಳು ಉದ್ದ ಹೊಲಿಸಿದೆ.

ಒಂದು ಮಧ್ಯಾಹ್ನ ಕಟ್ಟೆಯ ಮೇಲೆ ಬೀಡಿ ಸೇದುತ್ತ ಕುಳಿತಿದ್ದೆ. ಏನೋ ಸುಟ್ಟ ಹಾಗಾಯಿತು.

ವಾಸನೆ ಬಂತು. ನೋವು ಬರಲಿಲ್ಲ.

ಶಾಂತವ್ವ ಒಳಗಿನಿಂದ "ಏನ ಸುಡಾಕತ್ತೈತ್ರಿ?" ಎಂದು ಬಂದವಳು ನನ್ನ ಉಂಗುರದ ಬೆರಳನ್ನು ನೋಡಿದಳು. ಬೀಡಿ ಬೆರಳಿನ ಸಂದಿಯಲ್ಲಿ ಚರ್ಮವನ್ನು ಬೇಯಿಸುತ್ತಿತ್ತು, ನಾನು ಅದನ್ನು ಹಿಡಿದುಕೊಂಡು ಶಾಂತನಾಗಿ ಬೀದಿ ನೋಡುತ್ತಿದ್ದೆ. ಅವಳು ಕೂಗಲಿಲ್ಲ. ಅಂಗಿಯ ತೋಳನ್ನು ಮೇಲಕ್ಕೆ ತಳ್ಳಿದಳು. ಮಚ್ಚೆಯ ಮೇಲೆ ಉಗುರಿನಿಂದ ಗೀರಿದಳು.

"ಗೊತ್ತಾತ?"

"ಇಲ್ಲ."

"ನಮ್ಮ ದೊಡ್ಡಪ್ಪಗ ಹಿಂಗ ಆಗಿತ್ತು" ಎಂದಳು. ಮದುವೆಯಾಗಿ ಇಪ್ಪತ್ತೈದು ವರ್ಷವಾಗಿತ್ತು. ಅವಳಿಗೊಬ್ಬ ದೊಡ್ಡಪ್ಪ ಇದ್ದನೆಂದು ನನಗೆ ಗೊತ್ತಾದದ್ದು ಆವತ್ತು.

ಹುಬ್ಬಳ್ಳಿಗೆ ಹೋಗುವುದೆಂದಾಯಿತು. ಯಾರಿಗೂ ಗುರುತು ಸಿಗಬಾರದು. ಜನ್ಮದಲ್ಲಿ ಮೊದಲ ಬಾರಿಗೆ ಪ್ಯಾಂಟು ಹಾಕಿದೆ. ಅಳಿಯನ ಟೆರಿಕಾಟ್ ಪ್ಯಾಂಟು, ತಲೆಗೆ ಮಫ್ಲರು, ಕಣ್ಣಿಗೆ ಕಪ್ಪು ಚಾಳೀಸು. ಮಾರ್ಚ್ ತಿಂಗಳ ಬಿಸಿಲು. ಗುಡಗೇರಿ ಸ್ಟೇಶನ್ನಿನಲ್ಲಿ ನನ್ನನ್ನು ನೋಡದೆ ಹೋಗಬಹುದಾಗಿದ್ದವರೆಲ್ಲ ನಿಂತು ನೋಡಿದರು.

"ಏನ್ ಮುಲ್ಕಿ, ನಾಟಕದ ಕಂಪನಿ ಸೇರೀಯೇನ?"

"ಶೀತ ಆಗೇತಿ" ಎಂದೆ.

"ಕಣ್ಣಿಗೂ ಶೀತೇನು?"

ರೈಲು ಬರುವವರೆಗೆ ನನ್ನ ಗುಪ್ತ ಪ್ರಯಾಣದ ವಾರ್ತೆ ಪ್ಲಾಟ್‌ಫಾರ್ಮಿನ ಎರಡೂ ತುದಿಗೆ ಮುಟ್ಟಿತ್ತು.

ಹುಬ್ಬಳ್ಳಿಯ ಒಂದು ಓಣಿಯಲ್ಲಿ ಆ ಸಣ್ಣ ದವಾಖಾನೆ. ಬಾಗಿಲಲ್ಲಿ ಗುಮಾಸ್ತ ಕಾರ್ಡು ಬರೆಯುತ್ತಿದ್ದ. ಸರದಿಯಲ್ಲಿ ನನ್ನ ಮುಂದಿದ್ದವನಿಗೆ ಬೆರಳುಗಳಿರಲಿಲ್ಲ. ಅವನು ಎರಡು ಅಂಗೈಗಳ ನಡುವೆ ಕಾರ್ಡನ್ನು ಒತ್ತಿ ಹಿಡಿದು ನನ್ನತ್ತ ತಿರುಗಿ, ಪರಿಚಯದವನಂತೆ ನಕ್ಕ.

"ಹೆಸರು?" ಎಂದ ಗುಮಾಸ್ತ.

ಗಾಬರಿಯಾದಾಗ ಮನುಷ್ಯನ ಬಾಯಿಗೆ ದೇವರ ಹೆಸರು ಬರುತ್ತದಂತೆ. ನನ್ನ ಬಾಯಿಗೆ ಫಕೀರಪ್ಪ ಬಂದ.

"ಊರು?"

"ಗುಡಗೇರಿ."

"ಉದ್ಯೋಗ?"

"ದಲ್ಲಾಳಿ."

ಎಲ್ಲವೂ ನಿಜ, ಒಂದನ್ನು ಬಿಟ್ಟು. ಆ ಒಂದನ್ನು ಹೇಳುವಾಗ ನನಗೆ ಭಯದ ಜೊತೆಗೆ ಸಣ್ಣ ಸುಖವೂ ಆಯಿತೆಂದು ಇಲ್ಲಿ ಒಪ್ಪಿಕೊಳ್ಳಬೇಕು. ಕಾಯಿಲೆಯನ್ನು ಅದು ಇರಬೇಕಾದ ಜಾಗಕ್ಕೆ ಕಳಿಸಿದೆನೆಂಬ ಸುಖ.

ಡಾಕ್ಟರಬಾಯಿ ಸಣ್ಣ ವಯಸ್ಸಿನವಳು. ಮಫ್ಲರು, ಚಾಳೀಸು ತೆಗೆಸಿದಳು. ಯಾರ ಮುಖವೂ ಅವಳಿಗೆ ಬೇಕಿರಲಿಲ್ಲ, ಕೈ ಬೇಕಿತ್ತು.

"ಕಣ್ಣು ಮುಚ್ರಿ. ಹತ್ತಿ ಮುಟ್ಟಿದಾಗೆಲ್ಲ ಹ್ಞೂಂ ಅನ್ರಿ."

ಕಣ್ಣು ಮುಚ್ಚಿ ಕುಳಿತೆ. ಬಹಳ ಹೊತ್ತಾಯಿತು. "ಇನ್ನೂ ಶುರು ಮಾಡಿಲ್ಲೇನ್ರಿ?" ಎಂದು ಕೇಳಿದೆ.

"ಮುಗೀತ್ರಿ" ಎಂದಳು.

ಮೊಣಕೈಯ ಹಿಂದೆ ಒಂದು ನರವನ್ನು ಒತ್ತಿದಳು. ಅಲ್ಲಿ ಮಾತ್ರ ಜೀವ ಹೋದಂತಾಯಿತು. ನರ್ವ್ ಹಗ್ಗದಂತೆ ಊದಿದೆ, ಇದು ಲೆಪ್ರಸಿ ಎಂದಳು. ಶೀತ ಎಂದು ಹೇಳುವಷ್ಟೇ ಸಾದಾ ದನಿಯಲ್ಲಿ ಹೇಳಿದಳು. ನಾನು ಸಂತೆಯ ಮುಖ ಹಾಕಿಕೊಂಡು ಕುಳಿತೆ. ಅದರ ಹಿಂದೆ ನಾನು ಇದ್ದೆನೋ ಇಲ್ಲವೋ ನೆನಪಿಲ್ಲ.

"ಮೊದಲಾಗಿದ್ರ ಡಾಪ್ಸೋನ್ ವರ್ಷಗಟ್ಲೆ ನುಂಗಬೇಕಿತ್ತು. ಈಗ ಹೊಸಾ ಔಷಧ ಬಂದದ. ಆರು ತಿಂಗಳು ಸಾಕು. ತಿಂಗಳಿಗೊಮ್ಮೆ ಬಂದು ರಿಫಾಂಪಿಸಿನ್ ನನ್ನ ಕಣ್ಣೆದುರಿಗೇ ನುಂಗಬೇಕು. ನರಕ್ಕ ಸ್ಟೆರಾಯ್ಡ್ ಬ್ಯಾರೆ. ನೀವು ಮನ್ಯಾಗ ಪಾತ್ರೆಗೀತ್ರೆ ಬ್ಯಾರೆ ಮಾಡೋದು ಬ್ಯಾಡ."

"ಬೆರಳು?"

"ಉಂಗುರದ ಬೆರಳು ನೋಡೋಣ. ಕಿರುಬೆರಳಿಗೆ ಒಂದು ವರ್ಷ ಮೊದಲು ಬರಬೇಕಿತ್ತು ಫಕೀರಪ್ಪನವ್ರ."

ಯಾರನ್ನು ಕರೆಯುತ್ತಿದ್ದಾಳೆಂದು ತಿರುಗಿ ನೋಡಿದೆ.

ಮನೆಯಲ್ಲಿ ಪಾತ್ರೆ ಬೇರೆಯಾಯಿತು. ಡಾಕ್ಟರಬಾಯಿ ಬೇಡ ಎಂದಿದ್ದಾಳೆ ಎಂದೆ. "ಅಕಿ ಬಂದು ನಿಮ್ಮ ತಾಟ ತಿಕ್ಕತಾಳೇನು?" ಎಂದಳು ಶಾಂತವ್ವ. ತಾಟು, ಚರಿಗೆ, ಹಾಸಿಗೆ, ಎಲ್ಲ ಪಡಸಾಲೆಯ ಮೂಲೆಗೆ ಬಂದವು. ನೆರೆಯವರಿಗೆ ಅವಳು ಪಿತ್ತ ಎಂದು ಹೇಳುತ್ತಿದ್ದಳು. ಎಷ್ಟು ಸಲೀಸಾಗಿ ಹೇಳುತ್ತಿದ್ದಳೆಂದರೆ ದೊಡ್ಡಪ್ಪನನ್ನು ಬಚ್ಚಿಟ್ಟ ಮನೆತನದ ಅಭ್ಯಾಸ ಅದರಲ್ಲಿ ಕಾಣುತ್ತಿತ್ತು. ನಾವು ಗಂಡಹೆಂಡತಿ ಊರಿನ ಎದುರು ಒಂದು ಸುಳ್ಳನ್ನು ಇಬ್ಬರೂ ಹೆಗಲು ಕೊಟ್ಟು ಹೊತ್ತೆವು. ಮನೆಯೊಳಗೆ ಹೆಗಲು ತಾಕದಂತೆ ನಡೆದೆವು.

ಔಷಧ ತನ್ನ ಕೆಲಸ ಮಾಡುತ್ತಿತ್ತು, ಜೊತೆಗೆ ಚೇಷ್ಟೆಯನ್ನೂ. ತಿಂಗಳ ಮಾತ್ರೆ ನುಂಗಿದ ದಿನ ಮೂತ್ರ ಕುಂಕುಮದ ನೀರಾಗುತ್ತಿತ್ತು, ಬಯಲಿಗೆ ಹೋಗುವಾಗ ಜೊತೆಗಾರರನ್ನು ತಪ್ಪಿಸಿ ಎರಡು ಹೊಲ ದಾಟಿ ಹೋಗಬೇಕು. ಸ್ಟೆರಾಯ್ಡಿನಿಂದ ಮುಖ ಉಬ್ಬಿತು. ಸಂತೆಯಲ್ಲಿ ಮಂದಿ ಮೆಚ್ಚಿದರು. "ಗಲ್ಲಾ ತುಂಬ್ಯಾವ ಬಿಡಪಾ ಮುಲ್ಕಿ, ಶಾಂತವ್ವ ಏನ ಉಣಸಾಕತ್ತಾಳ?" ಮೈಯೊಳಗೆ ಕುಷ್ಠ, ಮುಖದ ಮೇಲೆ ಸಿರಿವಂತಿಕೆ. ಎತ್ತಿನ ಕೊಂಬಿಗೆ ಎಣ್ಣೆ ಕಾಡಿಗೆ ಹಚ್ಚಿ ನಾನು ಇಷ್ಟು ಚೆಂದ ಎಂದೂ ಮರೆಮಾಚಿರಲಿಲ್ಲ.

ನಾಲ್ಕನೆಯ ತಿಂಗಳು ನಾನು ಹುಬ್ಬಳ್ಳಿಗೆ ಹೋಗಲಿಲ್ಲ. ಬಿತ್ತನೆಗೆ ಮುಂಚಿನ ಸಂತೆ, ಕಸುಬಿನ ಸುಗ್ಗಿ. ಮುಂದಿನ ತಿಂಗಳು ಎರಡೂ ಒಟ್ಟಿಗೆ ನುಂಗಿದರಾಯಿತು ಎಂದುಕೊಂಡೆ.

ಸಂತೆಯ ದಿನ ಸೈಕಲ್ಲಿನ ಮೇಲೆ ಒಬ್ಬ ಬಂದ. ಆ ದವಾಖಾನೆಯ ಕಾರ್ಯಕರ್ತ ರಾಜೇಸಾಬ. ಮಾತ್ರೆ ತಪ್ಪಿಸಿದವರನ್ನು ಹುಡುಕಿ ಹೋಗುವುದು ಅವನ ನೌಕರಿ. ನಾನು ಅವನನ್ನು ನೋಡಿರಲಿಲ್ಲ, ಅವನೂ ನನ್ನನ್ನು ನೋಡಿರಲಿಲ್ಲ. ಅವನ ತಪ್ಪೇನೂ ಇಲ್ಲ. ಫಕೀರಪ್ಪನನ್ನು ಮೆಲ್ಲಗೆ ವಿಚಾರಿಸಿ, ಬದಿಗೆ ಕರೆದು, ಮೆಲ್ಲಗೇ ಮಾತಾಡಿಸಿದ. ಆದರೆ ಅವನ ಹೆಗಲ ಚೀಲದ ಮೇಲೆ ರೋಗದ ಹೆಸರು ಕನ್ನಡದಲ್ಲಿ ದೊಡ್ಡಕ್ಷರದಲ್ಲಿತ್ತು. ನಮ್ಮ ಸಂತೆಯಲ್ಲಿ ಓದುಬರಹದ ಮಂದಿ ಕಡಿಮೆ. ಅಷ್ಟನ್ನು ಓದಲು ಬೇಕಾದಷ್ಟು ಮಂದಿ ಆ ದಿನ ಹೇಗೋ ಸಿಕ್ಕಿದರು.

"ನಾ ಅಲ್ಲೋ ಮಾರಾಯಾ, ನಿನ್ನ ದವಾಖಾನಿ ಬಾಗಲಾನ ನಾ ನೋಡಿಲ್ಲ" ಎಂದು ಫಕೀರಪ್ಪ ಕೂಗಿದ.

"ಎಲ್ಲಾರೂ ಮೊದಲ ಹಂಗ ಅಂತಾರ್ರಿ ಕಾಕಾ" ಎಂದ ರಾಜೇಸಾಬ, ಬಹಳ ಮರ್ಯಾದೆಯಿಂದ. "ಹೆದರಬ್ಯಾಡ್ರಿ. ತೋಳು ಒಂದೀಟು ಮ್ಯಾಲ ಮಾಡ್ರಿ."

ಫಕೀರಪ್ಪ ತೋಳು ಏರಿಸುತ್ತ ತಲೆ ಎತ್ತಿದ. ಸಂತೆಯ ಆಚೆ ಬದಿಗೆ ನಿಂತಿದ್ದ ನನ್ನನ್ನು ನೇರವಾಗಿ ನೋಡಿದ.

ನಾನು ಒಂದು ಎತ್ತಿನ ಬಾಯಿ ಅಗಲಿಸಿ ಹಲ್ಲು ಎಣಿಸಿದೆ. ಎರಡು ಸಲ ಎಣಿಸಿದೆ.

ಮುಂದಿನ ಸಂತೆಯಲ್ಲಿ ಅವನ ಟವೆಲ್ಲಿನ ಕೆಳಗೆ ಯಾರೂ ಕೈ ಇಡಲಿಲ್ಲ. ಅದರ ಮುಂದಿನ ಸಂತೆಯಲ್ಲೂ ಇಲ್ಲ. ಚಹಾದಂಗಡಿಯವನು ಅವನಿಗೆ ಕಪ್ಪು ಕೊಡದೆ ಕರಟದಲ್ಲಿ ಮೇಲಿಂದ ಸುರಿದ. ಹಡಪದ ಈರಪ್ಪ ಕ್ಷೌರ ಮಾಡಲಿಲ್ಲ. ನಾನು ಪ್ರತಿ ವಾರ ಈರಪ್ಪನ ಮುಂದೆ ಕುಳಿತು ಗಲ್ಲ ಒಡ್ಡುತ್ತಿದ್ದೆ. ಅವನು ನನ್ನ ಉಬ್ಬಿದ ಮುಖದ ಮೇಲೆ ಕತ್ತಿ ಆಡಿಸುತ್ತ ಫಕೀರಪ್ಪನಿಗೆ ಇದು ಯಾವ ಪಾಪದ ಫಲವಿರಬಹುದೆಂದು ವಿಚಾರಮಗ್ನನಾಗುತ್ತಿದ್ದ. "ಹೌದು ಹೌದು" ಎನ್ನುತ್ತಿದ್ದೆ ನಾನು, ಗಲ್ಲ ಅಲ್ಲಾಡದಂತೆ. ಆಚೆ ಬೇವಿನ ಬುಡದಲ್ಲಿ ಫಕೀರಪ್ಪ ಟವೆಲ್ ಹೆಗಲಿಗೆ ಹಾಕಿಕೊಂಡು ಒಬ್ಬನೇ ನಿಂತಿರುತ್ತಿದ್ದ. ಅವನ ಗಡ್ಡ ವಾರದಿಂದ ವಾರಕ್ಕೆ ಬೆಳೆಯಿತು. ವೈರಿ ಹಾಳಾದರೆ ಹಬ್ಬವಾಗಬೇಕು. ನನಗೆ ಊಟ ಸೇರಲಿಲ್ಲ.

ಶಾಂತವ್ವನಿಗೆ ಕಾರ್ಡು ಸಿಕ್ಕಿತು. ಅವಳಿಗೆ ಓದಲು ಬರುತ್ತಿರಲಿಲ್ಲ. ಆದರೆ ನಾನು ಅದನ್ನು ಅಡಗಿಸಿದ್ದ ರೀತಿ ನೋಡಿಯೇ ಸಂಶಯಪಟ್ಟು, ಎದುರಿಗೆ ಹಿಡಿದು "ಓದ್ರಿ" ಎಂದಳು. ನಾನು ಓದಲಿಲ್ಲ.

"ಫಕೀರಪ್ಪನ ಹೆಸರ ಐತಿ, ಹೌದಲ್ರಿ?"

ಕಾರ್ಡನ್ನು ಅವಳ ಕೈಯಿಂದ ತೆಗೆದುಕೊಂಡು ಕಿಸೆಗೆ ಹಾಕಿಕೊಂಡೆ.

"ನಿಮಗ ಬಂದಿದ್ದ ರೋಗ ಸಣ್ಣದು ಬಿಡ್ರಿ" ಎಂದಳು.

ಅಂದು ಅವಳು ತಾಟು ಇಟ್ಟದ್ದು ಇನ್ನೂ ಎರಡು ಮಾರು ದೂರಕ್ಕೆ.

ಮರುದಿನ ಹುಬ್ಬಳ್ಳಿಗೆ ಹೋದೆ, ಧೋತರ ಉಟ್ಟುಕೊಂಡೇ. ಡಾಕ್ಟರಬಾಯಿ ಕಾರ್ಡನ್ನು ಮೇಜಿನ ಮೇಲಿಟ್ಟು ನನ್ನನ್ನೇ ನೋಡಿದಳು.

"ಮೊನ್ನೆ ಫಕೀರಪ್ಪನವರು ಬಂದಿದ್ರು. ಖರೇ ಫಕೀರಪ್ಪನವರು. ಮೈಯೆಲ್ಲ ನೋಡಿದೆ, ಏನೂ ಇಲ್ಲ."

"ಏನಂದಾ?"

"ಸರ್ಟಿಫಿಕೇಟ್ ಬರ್ದು ಕೊಡ್ತೀನಿ ಅಂದೆ. ‘ಎತ್ತಿನ ಸಂತ್ಯಾಗ ಕಾಗದಾ ಯಾರ ಓದತಾರ್ರಿ’ ಅಂದ್ರು. ಆಮ್ಯಾಲ ಒಂದ ಮಾತು ಕೇಳಿದ್ರು. ‘ಹನ್ನೊಂದು ವರ್ಷದಿಂದ ಆ ಕೈಯಾಗ ಕೈ ಇಟ್ಟೀನಿ, ನನಗ ಹತ್ತತೈತೇನು’ ಅಂತ. ಯಾರ ಕೈ ಅಂತ ಕೇಳಿದೆ. ಹೇಳಲಿಲ್ಲ."

ಅವಳು ಪೆನ್ನು ತೆಗೆದು ಕಾರ್ಡಿನ ಮೇಲಿನ ಹೆಸರಿಗೆ ಗೀಟು ಎಳೆದಳು. "ಈಗ ಹೇಳ್ರಿ. ಹೆಸರು?"

ಎಷ್ಟೋ ಪತ್ರಗಳ ಕೆಳಗೆ ಸಾಕ್ಷಿಯಾಗಿ ಬರೆದ ಹೆಸರು ಅದು. ಅಂದು ಅದನ್ನು ಹೇಳಲು ಎರಡು ಸಲ ಬಾಯಿ ತೆರೆಯಬೇಕಾಯಿತು.

ಸಂತೆಯ ದಿನ ಬೇವಿನ ಬುಡಕ್ಕೆ ಹೋದೆ. ಜಾಹೀರು ಮಾಡುವುದಕ್ಕೆ ನನ್ನ ಮುಲ್ಕಿ ಭಾಷೆಯಲ್ಲಿ ನಾಲ್ಕು ಗಂಭೀರ ವಾಕ್ಯಗಳನ್ನು ಸಿದ್ಧಮಾಡಿಕೊಂಡಿದ್ದೆ, ‘ಮಹಾಜನಗಳೇ’ ಎಂದು ಶುರುವಾಗುವಂಥದ್ದು. ಒಂದೂ ಬಾಯಿಗೆ ಬರಲಿಲ್ಲ. ತೋಳು ಏರಿಸಿ, ಬಲಗೈಯನ್ನು ಟವೆಲ್ ಇಲ್ಲದೆ ಮೇಲೆತ್ತಿದೆ.

"ಆ ರೋಗ ಫಕೀರಪ್ಪಂದಲ್ಲ. ನಂದು. ದವಾಖಾನ್ಯಾಗ ಅವನ ಹೆಸರ ಹೇಳಿ ಬಂದಾವ ನಾನು."

ಯಾರೋ ನಕ್ಕರು, ಚೇಷ್ಟೆಯೆಂದು. ಆಮೇಲೆ ಬಾಗಿದ ಬೆರಳು ಕಂಡಿತು, ಮಚ್ಚೆ ಕಂಡಿತು. ನನ್ನ ಸುತ್ತಲಿನ ಜಾಗ ದೊಡ್ಡದಾಯಿತು. ಈರಪ್ಪ ಕೈಯಲ್ಲಿದ್ದ ಕತ್ತಿಯನ್ನು ನೋಡಿಕೊಂಡ. ಅರ್ಧ ಕ್ಷೌರವಾಗಿ ಕುಳಿತಿದ್ದವನು ಚಂಗನೆ ಎದ್ದ. "ಅದ ಕತ್ತೀಲೆ ನನಗೂ ಮಾಡೀಯಲ್ಲೋ, ಬಾಡ್ಯಾ!" ಒಬ್ಬ ನನ್ನ ಕಡೆ ಮಣ್ಣಿನ ಹೆಂಟೆ ಎಸೆದ. ತಾಕಲಿಲ್ಲ. ಇನ್ನೊಬ್ಬ, ನಾನೇ ಎತ್ತು ಕೊಡಿಸಿದವನು, "ಮನಿಷ್ಯಾರ ಹಲ್ಲೂ ಉಜ್ಜತಾನಿಂವ" ಎಂದ. ಅದು ತಾಕಿತು.

ಫಕೀರಪ್ಪ ಬಂದ. ಗಡ್ಡ ಗಲ್ಲ ಮುಚ್ಚಿತ್ತು. ಒಂದು ಮಾರಿನ ಅಂತರದಲ್ಲಿ ನಿಂತು ಹನ್ನೊಂದು ವರ್ಷಗಳ ನಂತರ ನನ್ನೊಡನೆ ಮಾತಾಡಿದ.

"ಸೂಳೇಮಗನ, ಇಡೀ ತಾಲೂಕಿನಾಗ ನಿನಗ ನನ್ನ ಹೆಸರ ಸಿಕ್ತೇನ?"

"ತಪ್ಪಾತು."

"ತಪ್ಪಲ್ಲದು. ತಪ್ಪು ಅಂದ್ರ ಕೈಯಿಂದ ಚರಿಗಿ ಜಾರೋದು. ಒಂದ ಹೊಡತಾ ಹಾಕಬೇಕು ನಿನ್ನ ಮಾರಿಗೆ, ಜಡ್ಡಿನ ಮನಿಷ್ಯಾ ಅಂತ ಬಿಟ್ಟೀನಿ." ಉಸಿರು ಎಳೆದುಕೊಂಡ. "ನೀ ದವಾಖಾನಿಗೆ ಹೋಗೂದಕ್ಕ ವರ್ಷ ಮೊದಲ ಗೊತ್ತಿತ್ತು ನನಗ. ನಾಕ ಹಿಡದ್ರ ಮೂರ ಅಂದಿ. ಕಿರಿಬೆರಳ ಸತ್ತೈತಿ ಅಂತ ಅವತ್ತ ತಿಳೀತು. ಅದಕ್ಕ ಹಿಚುಕಿ ಹಿಡೀತಿದ್ದೆ, ಒಂದೀಟಾರ ಗೊತ್ತಾಗ್ಲಿ ಅಂತ."

ಒಂದು ವರ್ಷ. ಡಾಕ್ಟರಬಾಯಿ ಹೇಳಿದ್ದೂ ಅದೇ ಒಂದು ವರ್ಷ.

"ಗೊತ್ತಿದ್ರ ಹೇಳಲಿಲ್ಲ ಯಾಕ?" ಎಂದೆ.

ಫಕೀರಪ್ಪ ನನ್ನನ್ನು ಮೂರ್ಖನನ್ನು ನೋಡುವಂತೆ ನೋಡಿದ.

"ಮಾತ ಬಿಟ್ಟಿದ್ವಲ್ಲ" ಎಂದ.

ಆಮೇಲೆ ಉಗುಳಿ ಹೋದ. ಮತ್ತೆ ಮಾತಾಡಿಲ್ಲ. ಆ ವಾರವೇ ಈರಪ್ಪ ಅವನ ಮನೆಗೇ ಹೋಗಿ ಗಡ್ಡ ತೆಗೆದನೆಂದೂ, ಫಕೀರಪ್ಪ ಕತ್ತಿಯನ್ನು ಕುದಿಯುವ ನೀರಲ್ಲಿ ಹಾಕಿಸಿದನೆಂದೂ ಕೇಳಿದೆ. ಅವನ ಕಸುಬು ಮತ್ತೆ ಕೂಡಿಕೊಂಡಿತು. ನನ್ನದು ಮುಗಿಯಿತು. ಬೆರಳು ಬಾಗಿದ್ದಕ್ಕಲ್ಲ, ಬೆರಳಿನ ಸುದ್ದಿ ಮುಚ್ಚಿಟ್ಟಿದ್ದಕ್ಕೆ ಎಂದು ಸಂತೆಯ ಹಿರಿಯರು ಹೇಳಿಕಳಿಸಿದರು. ಇಡೀ ಆಯುಷ್ಯ ಟವೆಲ್ಲಿನ ಕೆಳಗೆ ಕಳೆದವರು ಮುಚ್ಚಿಡುವುದರ ಬಗ್ಗೆ ಮಾಡಿದ ಈ ಉಪದೇಶವನ್ನು ನಾನು ತಲೆಬಾಗಿ ಸ್ವೀಕರಿಸಿದೆ.

ಆರು ತಿಂಗಳ ಮಾತ್ರೆಗಳು ಏಳು ತಿಂಗಳಿಗೆ ಮುಗಿದವು. ಕಾರ್ಡಿನ ಮೇಲೆ ಗೀಟು ಹೊಡೆದ ಒಂದು ಹೆಸರು, ಅದರ ಕೆಳಗೆ ನನ್ನ ಹೆಸರು. ಉಂಗುರದ ಬೆರಳಿನಲ್ಲಿ ಈಚೆಗೆ ಇರುವೆ ಹರಿದಂತಾಗುತ್ತದೆ. ಜೀವ ಬರುತ್ತಿದೆಯೋ ನಿಜವಾಗಿ ಇರುವೆಯೋ ಎಂದು ಪ್ರತಿ ಸಲವೂ ನೋಡುತ್ತೇನೆ. ಕಿರುಬೆರಳು ಬಾಗಿದ್ದು ಬಾಗಿತು. ಬೆಳಿಗ್ಗೆ ಸಂಜೆ ಎಣ್ಣೆ ಹಚ್ಚಿ ನೀವಬೇಕು. ಒಂದು ಕೈಯಿಂದ ಸರಿಯಾಗುವುದಿಲ್ಲವೆಂದು ಶಾಂತವ್ವ ಎರಡು ವಾರ ದೂರದಿಂದ ನೋಡಿ, ಮೂರನೆಯ ವಾರ ಬಂದು ಕುಳಿತು ತಾನೇ ನೀವತೊಡಗಿದಳು. ನೀವುತ್ತ ಬೈಯುತ್ತಾಳೆ. ತಾಟು ಇನ್ನೂ ಬೇರೆಯೇ ಇದೆ. ನಾನು ಅದರ ಸುದ್ದಿ ತೆಗೆದಿಲ್ಲ.

ರಾಜೇಸಾಬ ಈಗ ತಿಂಗಳಿಗೆ ನಾಲ್ಕು ದಿನ ನನ್ನನ್ನು ಜೊತೆಗೆ ಕರೆದೊಯ್ಯುತ್ತಾನೆ, ಮಿಶ್ರಿಕೋಟಿಯ ಕಡೆಯ ಹಳ್ಳಿಗಳವರೆಗೂ. ರೋಗ ಮುಚ್ಚಿಟ್ಟವರನ್ನು ಹುಡುಕಲು ಮುಚ್ಚಿಡುವ ಕಸುಬಿನವನೇ ಬೇಕೆಂದು ಅವನ ಲೆಕ್ಕಾಚಾರ. ಮಂದಿ ನಮ್ಮನ್ನು ಚಹಾಕ್ಕೆ ಕರೆಯುವುದಿಲ್ಲ. ನಾಯಿ ಬಿಡುತ್ತಾರೆ. ಸೈಕಲ್ಲು ಓಣಿಗೆ ತಿರುಗಿದೊಡನೆ ಕಟ್ಟೆಯ ಮೇಲೆ ಕುಳಿತವರಲ್ಲಿ ಯಾರಾದರೊಬ್ಬರು ಅಂಗಿಯ ತೋಳು ಕೆಳಗಿಳಿಸುತ್ತಾರೆ, ಮುಖದಲ್ಲಿ ಏನನ್ನೂ ತೋರಿಸದೆ.

ಯಾವ ತೋಳು ಎಂದು ನೋಡಿಕೊಂಡು, ನಾನು ಸೈಕಲ್ಲಿನಿಂದ ಇಳಿಯುತ್ತೇನೆ.